ಹಳೆಯ ಐಷಾರಾಮಿ ಕಾರು: ರಿಪೇರಿ ಮಾಡಿಸುವುದೋ, ಕೈಬಿಡುವುದೋ?

ಹತ್ತು-ಹನ್ನೆರಡು ವರ್ಷ ಓಡಿದ ದುಬಾರಿ ಕಾರೊಂದು ಗ್ಯಾರೇಜಿಗೆ ಹೋಗುತ್ತದೆ. ಅಲ್ಲಿಂದ ಬಂದ ಅಂದಾಜು ಪಟ್ಟಿಯ ಮೊತ್ತ ನೋಡಿದರೆ, ಕಾರನ್ನು ಈಗ ಮಾರಿದರೆ ಸಿಗುವ ಹಣದ ಅರ್ಧಕ್ಕಿಂತ ಹೆಚ್ಚು. ಅಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಸಲಹೆ ಒಂದೇ: ರಿಪೇರಿ ಖರ್ಚು ಕಾರಿನ ಬೆಲೆಯ ಅರ್ಧ ದಾಟಿದರೆ ಮಾರಿಬಿಡಿ. ನೆನಪಿಟ್ಟುಕೊಳ್ಳಲು ಸುಲಭವಾದ ಸೂತ್ರ, ಸಾಮಾನ್ಯ ಕಾರಿನ ಮಟ್ಟಿಗೆ ತಕ್ಕಮಟ್ಟಿಗೆ ಸರಿಯೂ ಹೌದು. ಐಷಾರಾಮಿ ಕಾರಿಗೆ ಹಚ್ಚಿದರೆ ಮಾತ್ರ ಅದು ಎರಡೂ ಕಡೆ ದಾರಿ ತಪ್ಪಿಸುತ್ತದೆ. ಉಳಿಸಿಕೊಳ್ಳಬಹುದಾದ ಕಾರನ್ನು ಮಾರಿಸುತ್ತದೆ, ಮಾರಬೇಕಾದ ಕಾರಿಗೆ ಕಂತು ಕಂತಾಗಿ ಹಣ ಸುರಿಸುತ್ತದೆ.

ಅರ್ಧದ ಸೂತ್ರ ಯಾಕೆ ಕೈಕೊಡುತ್ತದೆ

ಕಾರಿನ ಮಾರುಕಟ್ಟೆ ಬೆಲೆ ವರ್ಷದಿಂದ ವರ್ಷಕ್ಕೆ ಕುಸಿಯುವುದಕ್ಕೆ ಸವಕಳಿ ಎನ್ನುತ್ತಾರೆ. ಐಷಾರಾಮಿ ಕಾರುಗಳಲ್ಲಿ ಈ ಕುಸಿತ ಜೋರು. ಮೊದಲ ಮಾಲೀಕರು ಹೊಸತನಕ್ಕೆ, ವಾರಂಟಿಗೆ, ಆಗಷ್ಟೇ ಬಂದ ತಂತ್ರಜ್ಞಾನಕ್ಕೆ ಕೊಟ್ಟ ಹಣವನ್ನು ಎರಡನೆಯವರು ಕೊಡುವುದಿಲ್ಲ. ವಾರಂಟಿ ಮುಗಿದ ಮೇಲಂತೂ ರಿಪೇರಿಯ ಭಯಕ್ಕೇ ಕೊಳ್ಳುವವರು ಹಿಂದೆ ಸರಿಯುತ್ತಾರೆ. ಹೀಗೆ ಕಾರಿನ ಬೆಲೆ ಇಳಿಯುತ್ತಲೇ ಹೋಗುತ್ತದೆ, ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹೆಡ್‌ಲೈಟ್, ಗೇರ್‌ಬಾಕ್ಸ್, ಶಾಕ್ ಅಬ್ಸಾರ್ಬರ್ ಎಲ್ಲವೂ ಕಾರು ಹೊಸದಾಗಿದ್ದಾಗಿನ ದರ್ಜೆಗೇ ಅಂಟಿಕೊಂಡಿರುತ್ತವೆ. ದೊಡ್ಡ ಬಂಗಲೆ ಅಗ್ಗಕ್ಕೆ ಸಿಕ್ಕಿತೆಂದು ಸುಣ್ಣ ಹೊಡೆಸುವ ಖರ್ಚು ಕಡಿಮೆಯಾಗದು, ಗೋಡೆ ಅಷ್ಟೇ ಉದ್ದ ಇರುತ್ತದೆ.

ಕೂಲಿಯದ್ದೂ ಇದೇ ಕಥೆ. ಇಕ್ಕಟ್ಟಾದ ಬಾನೆಟ್‌ನೊಳಗೆ ಎಂಟು ಸಿಲಿಂಡರ್‌ನ ಇಂಜಿನ್, ಎರಡು ಟರ್ಬೊ, ಸುತ್ತ ಸದ್ದು ತಡೆಯುವ ಹೊದಿಕೆ ತುಂಬಿದ್ದರೆ, ಸಣ್ಣದೊಂದು ರಬ್ಬರ್ ಪೈಪ್ ಬದಲಿಸಲೂ ಅರ್ಧ ದಿನ ಬಿಚ್ಚಬೇಕಾಗುತ್ತದೆ. ಲೆಕ್ಸಸ್ ಎಲ್‌ಎಸ್ 400 ಬಾಳಿಕೆಗೆ ಹೆಸರಾದ ಕಾರು. ಅದರಲ್ಲೂ ಸ್ಟಾರ್ಟರ್ ಮೋಟರ್ ಕೂತಿರುವುದು ಇಂಜಿನ್‌ಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್‌ನ ಕೆಳಗೆ. ಸ್ಟಾರ್ಟರ್ ಕೆಟ್ಟರೆ ಇಂಜಿನ್‌ನ ಮೇಲ್ಭಾಗವನ್ನೇ ಬಿಚ್ಚಬೇಕು.

ಇದರಿಂದಾಗಿ ಐಷಾರಾಮಿ ಕಾರಿಗೆ ಒಂದು ವಯಸ್ಸಾದ ಮೇಲೆ ಮಾಮೂಲಿ ಸವೆತದ ಕೆಲಸವೂ ಅರ್ಧದ ಗೆರೆ ದಾಟಿಬಿಡುತ್ತದೆ. ಮುಂದಿನ ಚಕ್ರ ಹಿಡಿದಿಡುವ ಆರ್ಮ್‌ಗಳ ರಬ್ಬರ್ ಬುಷ್, ಶಾಕ್ ಅಬ್ಸಾರ್ಬರ್, ಬ್ರೇಕ್ ಡಿಸ್ಕ್, ನಾಲ್ಕು ಟೈರ್ ಒಟ್ಟಿಗೆ ಬಂದರೆ ಸಾಕು. ಹಾಗೆಂದು ಆ ಕಾರು ಸತ್ತಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ. ಈಗ ಕೆಟ್ಟಿರುವುದು ಸರಿಮಾಡಿಸಿದರೆ ಮುಗಿಯುವ ಬಗೆಯದೋ, ಮತ್ತೆ ಮತ್ತೆ ಮರಳುವ ಬಗೆಯದೋ? ಇಂದಿನಿಂದ ಮುಂದಕ್ಕೆ, ಇದನ್ನು ಇಟ್ಟುಕೊಂಡರೆ ವರ್ಷಕ್ಕೆ ಎಷ್ಟು ಬೀಳುತ್ತದೆ, ಬದಲಿ ಕಾರು ತಂದರೆ ಎಷ್ಟು?

ಮುಗಿಯುವ ದೋಷ, ಮುಗಿಯದ ದೋಷ

ಬುಷ್, ಬಾಲ್ ಜಾಯಿಂಟ್, ಬ್ರೇಕ್ ಡಿಸ್ಕ್, ಇಂಜಿನ್ ಮೌಂಟ್, ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ವಾಲ್ವ್ ಕವರ್ ಗ್ಯಾಸ್ಕೆಟ್ ಇವೆಲ್ಲ ಮುಗಿಯುವ ದೋಷಗಳು. ಹೊಸದು ಹಾಕಿದ ಮೇಲೆ ಅವುಗಳ ಆಯುಸ್ಸು ಮತ್ತೆ ಸೊನ್ನೆಯಿಂದ ಶುರು. ಪಟ್ಟಿ ಎಷ್ಟೇ ಉದ್ದವಿದ್ದರೂ ಇಂಥವೇ ತುಂಬಿದ್ದರೆ ಹೆದರಬೇಕಾಗಿಲ್ಲ.

ಮುಗಿಯದ ದೋಷಗಳ ಮೂಲ ಬೇರೆ ಬೇರೆ. ವಿನ್ಯಾಸದಲ್ಲೇ ಕುಂದು ಇರಬಹುದು, ಒಂದು ಕೆಟ್ಟರೆ ಇನ್ನೊಂದನ್ನು ಕೆಡಿಸುವ ಸರಪಳಿ ಇರಬಹುದು, ನೀರು ಹೊಕ್ಕು ವೈರಿಂಗ್ ಒಳಗಿಂದ ಕೊಳೆಯುತ್ತಿರಬಹುದು. ದೊಡ್ಡ ಖರ್ಚು ಬರುವುದು ಹೆಚ್ಚಾಗಿ ಐದು ಕಡೆಯಿಂದ.

ಕೂಲಿಂಗ್: ಸಣ್ಣ ಪ್ಲಾಸ್ಟಿಕ್, ದೊಡ್ಡ ನಷ್ಟ

ಇಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಓಡಾಡುವ ದಾರಿಯಲ್ಲಿ ಈಗ ಪ್ಲಾಸ್ಟಿಕ್ ಬಹಳ. ರೇಡಿಯೇಟರ್‌ನ ಪಕ್ಕದ ಟ್ಯಾಂಕು, ಎಕ್ಸ್‌ಪಾನ್ಷನ್ ಟ್ಯಾಂಕ್, ಥರ್ಮೋಸ್ಟಾಟ್ ಕವಚ, ಪೈಪ್‌ಗಳ ತುದಿ ಎಲ್ಲವೂ ಪ್ಲಾಸ್ಟಿಕ್. ನೂರು ಡಿಗ್ರಿಯ ಆಸುಪಾಸಿನಲ್ಲಿ ಬಿಸಿಯಾಗಿ ತಣಿದು, ಬಿಸಿಯಾಗಿ ತಣಿದು ಹತ್ತು ವರ್ಷದಲ್ಲಿ ಅದು ಬಿಸ್ಕತ್ತಿನಷ್ಟು ಪುಡಿಪುಡಿಯಾಗಿರುತ್ತದೆ. ಮೊದಲ ತಲೆಮಾರಿನ ಪೋರ್ಷೆ ಕಾಯೆನ್‌ನ ವಿ8 ಇಂಜಿನ್‌ನಲ್ಲಿ ಇಂಟೇಕ್ ಮ್ಯಾನಿಫೋಲ್ಡ್ ಕೆಳಗಿದ್ದ ಪ್ಲಾಸ್ಟಿಕ್ ಕೂಲಂಟ್ ಪೈಪ್‌ಗಳು ಒಡೆಯುವುದು ಪ್ರಸಿದ್ಧ ದೋಷ. ಮುಂದೆ ಅವುಗಳ ಜಾಗಕ್ಕೆ ಅಲ್ಯೂಮಿನಿಯಂ ಪೈಪ್ ಬಂತು.

ಭಾಗದ ಬೆಲೆ ದೊಡ್ಡದಲ್ಲ. ದೊಡ್ಡದು ಅದು ಒಡೆದ ಮೇಲೆ ಕಾರು ಓಡಿಸಿದ ದೂರ. ಕೂಲಂಟ್ ಹೋದ ಇಂಜಿನ್‌ನ ಮೇಲ್ಭಾಗವಾದ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಕೆಲವೇ ನಿಮಿಷದಲ್ಲಿ ಬಾಗುತ್ತದೆ, ಅದರಡಿ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ. ಹಾಗಾಗಿ ಓವರ್‌ಹೀಟ್ ಆದ ಕಾರಿಗೆ ಬರೀ ರೇಡಿಯೇಟರ್ ಹಾಕಿಸಿ ಸುಮ್ಮನಾಗಬಾರದು. ಕೂಲಂಟ್ ಟ್ಯಾಂಕ್‌ನ ಬಾಯಿಗೆ ನೀಲಿ ದ್ರವದ ನಳಿಗೆ ಹಿಡಿದು ಮಾಡುವ ಪರೀಕ್ಷೆಯೊಂದಿದೆ. ಇಂಜಿನ್‌ನ ಹೊಗೆ ಕೂಲಂಟ್‌ಗೆ ಸೇರುತ್ತಿದ್ದರೆ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ. ಹಳದಿ ಕಂಡರೆ ಹೆಡ್ ಇಳಿಸಲೇಬೇಕು, ರಿಪೇರಿಯ ಲೆಕ್ಕವೇ ಬದಲಾಗುತ್ತದೆ.

ಇಂಜಿನ್‌ಗೆ ಪೆಟ್ಟಾಗಿಲ್ಲದಿದ್ದರೆ ಕೂಲಿಂಗ್ ಕೆಲಸವನ್ನು ಬಿಡಿಬಿಡಿಯಾಗಿ ಮಾಡಿಸುವುದು ದಂಡ. ವಾಟರ್ ಪಂಪ್, ಥರ್ಮೋಸ್ಟಾಟ್, ಟ್ಯಾಂಕ್, ಮುಚ್ಚಳ, ಹೋಸ್ ಎಲ್ಲವನ್ನೂ ಒಂದೇ ಸಲ ಹಾಕಿಸಬೇಕು, ಬಿಚ್ಚುವ ಕೂಲಿ ಒಂದೇ. ಕೂಲಂಟ್ ತುಂಬಿದ ಮೇಲೆ ತಯಾರಕರು ಹೇಳಿದ ಕ್ರಮದಲ್ಲಿ ಗಾಳಿ ಹೊರಹಾಕಿದ್ದಾರೆಯೇ ಎಂದು ಕೇಳಿ. ಗಾಳಿಗುಳ್ಳೆ ಉಳಿದರೆ ಹೊಸ ಪಂಪ್ ಇದ್ದೂ ಇಂಜಿನ್ ಬಿಸಿಯಾಗುತ್ತದೆ.

ಏರ್ ಸಸ್ಪೆನ್ಷನ್: ಅರ್ಧ ರಿಪೇರಿಗೆ ಎರಡು ಪಟ್ಟು ಖರ್ಚು

ಉಕ್ಕಿನ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲದ ಮೇಲೆ ಕಾರನ್ನು ನಿಲ್ಲಿಸುವ ವ್ಯವಸ್ಥೆ ಇದು. 1998ರ ಮರ್ಸಿಡಿಸ್ ಎಸ್-ಕ್ಲಾಸ್ ‘ಏರ್‌ಮ್ಯಾಟಿಕ್’ ಹೆಸರಿನಲ್ಲಿ ಇದನ್ನು ತಂದಿತು. ರೇಂಜ್ ರೋವರ್, ಆಡಿಯ ದೊಡ್ಡ ಕಾರುಗಳು, ಪೋರ್ಷೆ ಕಾಯೆನ್ ಮುಂತಾದವುಗಳಲ್ಲೂ ಇದು ಸಾಮಾನ್ಯ. ನಾಲ್ಕು ಗಾಳಿ ಚೀಲ, ಗಾಳಿ ತುಂಬುವ ಕಂಪ್ರೆಸರ್, ಅದಕ್ಕೆ ಕರೆಂಟು ಕೊಡುವ ರಿಲೇ, ಯಾವ ಮೂಲೆಗೆ ಎಷ್ಟು ಗಾಳಿ ಎಂದು ಹಂಚುವ ವಾಲ್ವ್ ಬ್ಲಾಕ್, ಎತ್ತರ ಅಳೆಯುವ ಸೆನ್ಸರ್‌ಗಳು ಸೇರಿ ಒಂದು ವ್ಯವಸ್ಥೆ.

ಕೆಡುವ ಕ್ರಮ ಹೆಚ್ಚುಕಡಿಮೆ ಎಲ್ಲ ಕಾರಿನಲ್ಲೂ ಒಂದೇ. ರಬ್ಬರ್ ಚೀಲ ಮಡಚುವ ಜಾಗದಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಮೂಲೆಯಲ್ಲಿ ಕುಸಿದಿರುತ್ತದೆ. ಸ್ಟಾರ್ಟ್ ಮಾಡಿದರೆ ಮೇಲೇಳುತ್ತದೆ, ಹಾಗಾಗಿ ಮಾಲೀಕರು ತಿಂಗಳುಗಟ್ಟಲೆ ಹಾಗೇ ಓಡಿಸುತ್ತಾರೆ. ಆ ತಿಂಗಳುಗಳಲ್ಲಿ ಕಂಪ್ರೆಸರ್ ಸೋರಿದ ಗಾಳಿಯನ್ನು ತುಂಬುತ್ತಲೇ ಇರುತ್ತದೆ. ಸ್ವಲ್ಪ ಹೊತ್ತು ಓಡಿ ನಿಲ್ಲಲು ಮಾಡಿದ ಯಂತ್ರ ಅದು, ಬಿಡುವಿಲ್ಲದೆ ಓಡಿದರೆ ಸುಟ್ಟುಹೋಗುತ್ತದೆ. ಗ್ಯಾರೇಜಿನವರು ಸುಟ್ಟ ಕಂಪ್ರೆಸರ್ ನೋಡಿ ಅದನ್ನು ಮಾತ್ರ ಬದಲಿಸಿ ಕಳಿಸಿದರೆ, ಸೋರಿಕೆ ಇನ್ನೂ ಇರುವುದರಿಂದ ಹೊಸ ಕಂಪ್ರೆಸರ್‌ಗೂ ಅದೇ ಗತಿ.

ಪತ್ತೆ ಮಾಡುವುದು ಕಷ್ಟವಲ್ಲ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಚಕ್ರದ ನಡುಭಾಗದಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳತೆ ಬರೆದಿಟ್ಟುಕೊಳ್ಳಿ. ಹನ್ನೆರಡು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಒಂದೇ ಮೂಲೆ ಇಳಿದಿದ್ದರೆ ಆ ಚೀಲ ಅಥವಾ ಅದರ ಪೈಪ್‌ನ ಮೇಲೆ ಅನುಮಾನ, ಎರಡು-ಮೂರು ಕಡೆ ಇಳಿದಿದ್ದರೆ ವಾಲ್ವ್ ಬ್ಲಾಕ್ ಮೇಲೆ. ಸೋಪಿನ ನೀರು ಸಿಂಪಡಿಸಿದಾಗ ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲಿ ಸೋರಿಕೆ. ಒಂದು ಎಚ್ಚರಿಕೆ: ಗಾಳಿಯ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಚೀಲ ಖಾಲಿಯಾದರೆ ಇಡೀ ಕಾರು ಏಕಾಏಕಿ ಕೆಳಗಿಳಿಯುತ್ತದೆ. ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ ಮೇಲೆಯೇ ಅದರ ಕೆಳಗೆ ಹೋಗಬೇಕು.

ಅಂದಾಜು ಪಟ್ಟಿ ಕೇಳುವಾಗ ಸೋರುವ ಚೀಲ, ಅದೇ ಆಕ್ಸಲ್‌ನ ಜೋಡಿ ಚೀಲ, ರಿಲೇ ಮೂರನ್ನೂ ಸೇರಿಸಿ ಕೇಳಿ. ಕಂಪ್ರೆಸರ್ ತೇವ ಹೀರುವ ಪುಡಿ ತುಂಬಿದ ಡ್ರೈಯರ್‌ನ ಮೂಲಕ ಗಾಳಿ ಕಳಿಸುತ್ತದೆ. ಆ ಪುಡಿ ನೆನೆದು ಹೋಗಿದ್ದರೆ ವಾಲ್ವ್ ಬ್ಲಾಕ್‌ಗೆ ನೀರು ಸೇರಿ ಅದೂ ಕೆಡುತ್ತದೆ. ಏರ್ ಸಸ್ಪೆನ್ಷನ್ ತೆಗೆದು ಉಕ್ಕಿನ ಸ್ಪ್ರಿಂಗ್ ಹಾಕುವ ಕಿಟ್‌ಗಳೂ ಸಿಗುತ್ತವೆ. ಅಗ್ಗ, ಬಾಳಿಕೆಯೂ ಹೆಚ್ಚು. ಆದರೆ ಕಾರಿನ ನಡಿಗೆಯ ಮೆದುತನ ಹೋಗುತ್ತದೆ, ಸಸ್ಪೆನ್ಷನ್ ನಡೆಸುವ ಕಂಪ್ಯೂಟರ್‌ಗೆ, ಅಂದರೆ ಕಂಟ್ರೋಲ್ ಮಾಡ್ಯೂಲ್‌ಗೆ, ಸರಿಯಾದ ಸಂಕೇತ ಸಿಗದಿದ್ದರೆ ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ ಉರಿಯುತ್ತಲೇ ಇರುತ್ತದೆ. ಮುಂದೆ ಕೊಳ್ಳುವವರೂ ಅದನ್ನು ತೋರಿಸಿ ಬೆಲೆ ಕಡಿಮೆ ಮಾಡುತ್ತಾರೆ. ಇನ್ನೆರಡು ಮೂರು ವರ್ಷ ಓಡಿಸಿ ಮುಗಿಸುವ ಕಾರಿಗೆ ಇದು ಆಗಬಹುದು.

ಗೇರ್‌ಬಾಕ್ಸ್: ಸತ್ತಿದೆಯೋ, ಎಣ್ಣೆ ಹಳತಾಗಿದೆಯೋ?

ಝಡ್‌ಎಫ್ ಕಂಪನಿಯ ಆರು ಗೇರ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ 2001ರಲ್ಲಿ ಬಿಎಂಡಬ್ಲ್ಯು 7 ಸೀರೀಸ್ ಜೊತೆ ಬಂತು. ಅದರ ಮತ್ತು ಅದರ ಎಂಟು ಗೇರ್‌ನ ತಮ್ಮನ ಎಣ್ಣೆಗೆ ಹಲವು ಕಾರು ಕಂಪನಿಗಳು ‘ಜೀವಮಾನಕ್ಕೆ ಒಂದೇ ಸಲ’ ಎಂದವು. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಹೇಳುವುದು ಬೇರೆ: ಬಳಕೆಗೆ ತಕ್ಕಂತೆ 80,000ದಿಂದ 1,20,000 ಕಿಲೋಮೀಟರ್‌ಗೆ ಅಥವಾ ಎಂಟು ವರ್ಷಕ್ಕೆ ಎಣ್ಣೆ ಬದಲಿಸಿ. ಹನ್ನೆರಡು ವರ್ಷದ ಕಾರಿನ ಗೇರ್ ಕುಲುಕಿದರೆ, ತಡವಾಗಿ ಬಿದ್ದರೆ, ಗೇರ್‌ಬಾಕ್ಸ್ ಬದಲಿಸುವ ಮಾತಿಗೆ ಮೊದಲು ಎಣ್ಣೆ ಯಾವಾಗ ಬದಲಾಯಿತು ಎಂದು ದಾಖಲೆ ನೋಡಬೇಕು.

ಈ ಗೇರ್‌ಬಾಕ್ಸ್‌ಗಳಲ್ಲಿ ಹಲವಕ್ಕೆ ಫಿಲ್ಟರ್ ಪ್ಲಾಸ್ಟಿಕ್ ಸಂಪ್‌ನೊಳಗೇ, ಅಂದರೆ ಕೆಳಗಿನ ಎಣ್ಣೆ ತಟ್ಟೆಯೊಳಗೇ, ಇರುತ್ತದೆ, ಆದ್ದರಿಂದ ಇಡೀ ಸಂಪ್ ಹೊಸದು ಹಾಕಬೇಕು. ಎಣ್ಣೆಯ ಒತ್ತಡ ಹಂಚುವ ವಾಲ್ವ್ ಬಾಡಿ ಮತ್ತು ಕಂಪ್ಯೂಟರ್ ಸೇರಿದ ಭಾಗಕ್ಕೆ ಮೆಕಾಟ್ರಾನಿಕ್ ಎನ್ನುತ್ತಾರೆ. ಅದರ ರಬ್ಬರ್ ಸೀಲ್ ಮತ್ತು ವೈರಿಂಗ್ ಪ್ಲಗ್‌ನ ತೋಳು ಗಟ್ಟಿಯಾಗಿ ಸೋರುತ್ತವೆ, ಅವನ್ನೂ ಆಗಲೇ ಬದಲಿಸುವುದು ಲೇಸು. ಎಣ್ಣೆಯ ಮಟ್ಟ ನೋಡುವಾಗ ಇಂಜಿನ್ ಓಡುತ್ತಿರಬೇಕು, ಎಣ್ಣೆಯ ಶಾಖ ತಯಾರಕರು ಹೇಳಿದ ಮಿತಿಯೊಳಗೆ, ಸಾಮಾನ್ಯವಾಗಿ 30ರಿಂದ 50 ಡಿಗ್ರಿಯೊಳಗೆ, ಇರಬೇಕು. ತಣ್ಣಗಿದ್ದಾಗಲೋ ತೀರಾ ಬಿಸಿಯಾದಾಗಲೋ ನೋಡಿ ತುಂಬಿದರೆ ಮಟ್ಟ ತಪ್ಪುತ್ತದೆ. ‘ಎಣ್ಣೆ ಬದಲಿಸಿದ ಮೇಲೇ ಗೇರ್‌ಬಾಕ್ಸ್ ಹಾಳಾಯಿತು’ ಎಂಬ ದೂರಿನ ಹಿಂದೆ ಕೆಲವೊಮ್ಮೆ ಇದೇ ಇರುತ್ತದೆ.

ಸಂಪ್ ತೆಗೆದಾಗ ಅಯಸ್ಕಾಂತಕ್ಕೆ ಅಂಟಿರುವ ಬೂದುಬಣ್ಣದ ನುಣ್ಣನೆ ಪುಡಿ ಸಹಜ. ಹೊಳೆಯುವ ಲೋಹದ ಚೂರು, ಸುಟ್ಟ ವಾಸನೆಯ ಕಪ್ಪು ಎಣ್ಣೆ ಕಂಡರೆ ಕ್ಲಚ್‌ಗಳು ತಿಂದುಹೋಗಿವೆ. ಅಲ್ಲಿಗೆ ಎಣ್ಣೆಯ ಔಷಧ ಸಾಲದು, ಗೇರ್‌ಬಾಕ್ಸ್ ಬಿಚ್ಚಿ ಕಟ್ಟಬೇಕು.

ಟೈಮಿಂಗ್ ಚೈನ್ ಮತ್ತು ಇಂಜಿನ್ ಒಳಗಿನ ಕುಂದು

ಇಂಜಿನ್‌ನ ವಾಲ್ವ್‌ಗಳು ಯಾವ ಕ್ಷಣಕ್ಕೆ ತೆರೆಯಬೇಕು, ಮುಚ್ಚಬೇಕು ಎಂಬುದನ್ನು ಕಾಯುವ ಸರಪಳಿಯೇ ಟೈಮಿಂಗ್ ಚೈನ್. ಕೆಲವು ಇಂಜಿನ್‌ಗಳಲ್ಲಿ ಇದು ಗೇರ್‌ಬಾಕ್ಸ್ ಕಡೆಗೆ, ಹಿಂಬದಿಯಲ್ಲಿದೆ. ಬಿಎಂಡಬ್ಲ್ಯುನ ಎನ್47 ಡೀಸೆಲ್, ಆಡಿ ಎಸ್4ರಲ್ಲಿದ್ದ 4.2 ಲೀಟರ್ ವಿ8 ಇಂಥವು. ಚೈನ್‌ನ ಪ್ಲಾಸ್ಟಿಕ್ ಗೈಡ್ ಮುರಿದರೆ, ಮುಂಬದಿಯಲ್ಲಿದ್ದರೆ ಎಷ್ಟೋ ಸಲೀಸಾಗಿ ಮುಗಿಯುತ್ತಿದ್ದ ಕೆಲಸಕ್ಕೆ ಇಂಜಿನ್ ಅಥವಾ ಗೇರ್‌ಬಾಕ್ಸನ್ನೇ ಇಳಿಸಬೇಕು.

ಕೆಲವು ದೋಷಗಳು ನಿರ್ದಿಷ್ಟ ಕಾಲದಲ್ಲಿ ತಯಾರಾದ ಇಂಜಿನ್‌ಗಳಿಗಷ್ಟೇ ಸೀಮಿತ. ಮರ್ಸಿಡಿಸ್‌ನ ಎಂ272 ವಿ6 ಇಂಜಿನ್‌ನ ಆರಂಭದ ವರ್ಷಗಳವುಗಳಲ್ಲಿ ಇಂಜಿನ್‌ನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟ್‌ನ ಹಲ್ಲುಗಳು ಬೇಗ ಸವೆಯುತ್ತವೆ, ಸರಿಮಾಡಲು ಇಂಜಿನ್ ಹೊರತೆಗೆಯಬೇಕು. ಅದೇ ಇಂಜಿನ್‌ನ ನಂತರದ ಸಂಖ್ಯೆಗಳಲ್ಲಿ ಭಾಗವನ್ನು ಬದಲಿಸಲಾಗಿದೆ. ಆದ್ದರಿಂದ ಮಾಡೆಲ್ ಹೆಸರಿಗಿಂತ ಇಂಜಿನ್ ನಂಬರ್ ಮುಖ್ಯ. 2008ರಲ್ಲಿ ಬಂದ ಬಿಎಂಡಬ್ಲ್ಯು ಎನ್63 ವಿ8ನಲ್ಲಿ ಎರಡೂ ಟರ್ಬೊಗಳನ್ನು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ ಇಡಲಾಗಿದೆ. ಅಲ್ಲಿ ಕೂಡಿದ ಶಾಖಕ್ಕೆ ವಾಲ್ವ್ ಸುತ್ತ ಎಣ್ಣೆ ತಡೆಯುವ ಸ್ಟೆಮ್ ಸೀಲ್‌ಗಳು ಗಟ್ಟಿಯಾಗಿ ಇಂಜಿನ್ ಎಣ್ಣೆ ಕುಡಿಯತೊಡಗುತ್ತದೆ. ಸೀಲ್ ಬದಲಿಸಿದರೂ ಶಾಖದ ಮೂಲ ಅಲ್ಲೇ ಇರುವುದರಿಂದ ಇದು ಮುಗಿಯದ ದೋಷಗಳ ಪಟ್ಟಿಗೇ ಸೇರಬೇಕು.

ಎಣ್ಣೆ ಎಷ್ಟು ಕುಡಿಯುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ನಂಬದೆ ಅಳೆಯಬೇಕು. ಗರಿಷ್ಠ ಗೆರೆಯವರೆಗೆ ತುಂಬಿ, 1,000 ಕಿಲೋಮೀಟರ್ ಓಡಿಸಿ, ಅದೇ ಜಾಗದಲ್ಲಿ ನಿಲ್ಲಿಸಿ, ಮತ್ತೆ ಅದೇ ಗೆರೆಗೆ ತರಲು ಎಷ್ಟು ಬೇಕಾಯಿತು ನೋಡಿ. ಕಾಲು ಲೀಟರ್ ಆದರೆ ಚಿಂತೆಯಿಲ್ಲ. ಒಂದು ಲೀಟರ್ ಹತ್ತಿರ ಬಂದರೆ ಆ ಎಣ್ಣೆ ಸುಟ್ಟು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳು ಮಾಡುತ್ತಿರುತ್ತದೆ, ಅದು ಮುಂದಿನ ದೊಡ್ಡ ಬಿಲ್.

ವೈರಿಂಗ್, ಕಂಪ್ಯೂಟರ್, ನೀರು

ದೊಡ್ಡ ಕಾರೊಂದರಲ್ಲಿ ಸೀಟು, ಬಾಗಿಲು, ದೀಪ, ಬ್ರೇಕ್, ಹವಾನಿಯಂತ್ರಣ ಪ್ರತಿಯೊಂದಕ್ಕೂ ಪುಟ್ಟ ಕಂಪ್ಯೂಟರ್ ಇರುತ್ತದೆ. ಇದಕ್ಕೆ ಮಾಡ್ಯೂಲ್ ಎನ್ನುತ್ತಾರೆ. ಇವುಗಳಲ್ಲಿ ಹಲವು ಕಾರ್ಪೆಟ್ ಕೆಳಗೆ, ಡಿಕ್ಕಿಯ ಗುಂಡಿಯಲ್ಲಿ ಕೂತಿರುತ್ತವೆ. ಸನ್‌ರೂಫ್‌ನ ನೀರು ಹೋಗುವ ಕೊಳವೆಗೆ ಕಸ ಕಟ್ಟಿಕೊಂಡರೆ ಆ ನೀರು ಇಳಿಯುವುದು ಇವುಗಳ ಮೇಲೆ.

ಒಂದು ಮಾಡ್ಯೂಲ್ ಸತ್ತಿದ್ದರೆ ಅದು ಮುಗಿಯುವ ದೋಷ. 2000ದ ದಶಕದ ಹಲವು ಜರ್ಮನ್ ಕಾರುಗಳಲ್ಲಿ ರೇಡಿಯೊ, ಫೋನ್, ನ್ಯಾವಿಗೇಷನ್ ಎಲ್ಲವೂ ಫೈಬರ್ ಆಪ್ಟಿಕ್ ಕೇಬಲ್‌ನ ಒಂದೇ ಉಂಗುರದಲ್ಲಿವೆ, ಒಂದು ಸತ್ತರೆ ಎಲ್ಲವೂ ಮೂಕ. ಎಲ್ಲವನ್ನೂ ಬದಲಿಸಬೇಕು ಎನ್ನುವವರ ಮಾತು ಕೇಳಬೇಡಿ, ಉಂಗುರದಿಂದ ಒಂದೊಂದನ್ನೇ ಬಿಡಿಸಿ ಜೋಡಿಸುವ ಪುಟ್ಟ ಕೊಂಡಿ ಹಾಕಿ ಕೆಟ್ಟದ್ದನ್ನು ಹುಡುಕಬಹುದು. ಆದರೆ ಕಾರ್ಪೆಟ್ ಕೆಳಗೆ ನೀರು ನಿಂತು ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಕಾಣುತ್ತಿದ್ದರೆ ಪಾಡು ಬೇರೆ. ತಾಮ್ರದ ತಂತಿಯೊಳಗೆ ಕಿಲುಬು ಹರಿದಿರುತ್ತದೆ, ಇಂದು ಒಂದು ದೀಪ, ನಾಳೆ ಇನ್ನೊಂದು. ಐದರಲ್ಲಿ ಅತ್ಯಂತ ಅಪಾಯಕಾರಿ ಇದೇ, ಏಕೆಂದರೆ ಇದಕ್ಕೆ ಅಂದಾಜು ಪಟ್ಟಿಯನ್ನೇ ಬರೆಯಲಾಗದು.

ಬ್ಯಾಟರಿ ಪದೇ ಪದೇ ಇಳಿಯುತ್ತಿದ್ದರೆ, ಕಾರು ಲಾಕ್ ಮಾಡಿ ಒಂದು ಗಂಟೆ ಬಿಟ್ಟು ಕರೆಂಟ್ ಅಳೆಯಿಸಿ. ಎಲ್ಲ ಮಾಡ್ಯೂಲ್‌ಗಳೂ ಮಲಗಿದ ಮೇಲೆ ಸುಮಾರು 50 ಮಿಲಿಆಂಪಿಯರ್‌ಗಿಂತ ಕಡಿಮೆ ಇರಬೇಕು. ಹೆಚ್ಚಿದ್ದರೆ ಯಾವುದೋ ಮಾಡ್ಯೂಲ್ ಎಚ್ಚರವಾಗಿದೆ. ಇನ್ನೊಂದು ಮಾತು, ಹಲವು ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದ್ದನ್ನು ಸ್ಕ್ಯಾನರ್‌ನಿಂದ ಕಾರಿಗೆ ತಿಳಿಸಬೇಕಾಗುತ್ತದೆ. ಇಲ್ಲದಿದ್ದರೆ ಹಳೆ ಬ್ಯಾಟರಿಯೆಂದೇ ತಿಳಿದು ಹಾಗೆಯೇ ಚಾರ್ಜ್ ಮಾಡುತ್ತದೆ, ಹೊಸ ಬ್ಯಾಟರಿಯ ಆಯುಸ್ಸು ಕಡಿಮೆಯಾಗುತ್ತದೆ.

ತೀರ್ಮಾನಕ್ಕೆ ಮೊದಲು ಒಂದು ಪೂರ್ಣ ತಪಾಸಣೆ

ಈಗ ಕೆಟ್ಟಿರುವ ಒಂದೇ ಭಾಗದ ಬಿಲ್ ನೋಡಿ ತೀರ್ಮಾನಿಸುವುದೇ ಹೆಚ್ಚಿನವರು ಮಾಡುವ ಎಡವಟ್ಟು. ಕಂಪ್ರೆಸರ್ ಹಾಕಿಸಿದ ಮರುತಿಂಗಳು ಟೈಮಿಂಗ್ ಚೈನ್ ಸದ್ದು ಮಾಡಿದರೆ ಮೊದಲ ಹಣವೂ ಹೋದಂತೆ. ಹಣ ಕೊಟ್ಟಾದರೂ ಇಡೀ ಕಾರನ್ನು ನೋಡಿಸಿ. ರಿಪೇರಿ ಮಾಡುವವರೇ ತಪಾಸಣೆ ಮಾಡಬೇಕೆಂದಿಲ್ಲ, ಬೇರೆಯವರಾದರೆ ಇನ್ನೂ ಒಳ್ಳೆಯದು.

ಆ ತಪಾಸಣೆಯಲ್ಲಿ ಇವು ಇರಲಿ:

- ಎಲ್ಲ ಮಾಡ್ಯೂಲ್‌ಗಳ ಸ್ಕ್ಯಾನ್, ದೋಷ ಅಳಿಸುವ ಮೊದಲಿನ ಮುದ್ರಿತ ಪ್ರತಿ ಸಮೇತ
- ಸಿಲಿಂಡರ್‌ಗಳೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 10-15 ಪ್ರತಿಶತ ಮೀರಿದ್ದರೆ, ಸಿಲಿಂಡರ್‌ಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆ ಎಂದು ನೋಡುವ ಲೀಕ್‌ಡೌನ್ ಪರೀಕ್ಷೆಯೂ ಬೇಕು. ಗಾಳಿ ಎಣ್ಣೆ ತುಂಬುವ ಬಾಯಿಂದ ಬಂದರೆ ಪಿಸ್ಟನ್ ರಿಂಗ್, ಸೈಲೆನ್ಸರ್‌ನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಕೂಲಂಟ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್
- ಕೂಲಿಂಗ್ ಒತ್ತಡ ಪರೀಕ್ಷೆ, ಟ್ಯಾಂಕ್ ಮುಚ್ಚಳದ ಮೇಲೆ ಬರೆದಿರುವ ಒತ್ತಡಕ್ಕೆ
- ಬಳಸಿದ ಇಂಜಿನ್ ಎಣ್ಣೆಯ ಪ್ರಯೋಗಾಲಯ ಪರೀಕ್ಷೆ. ಕೂಲಂಟ್ ಬೆರೆತಿದ್ದರೆ ಸೋಡಿಯಂ-ಪೊಟ್ಯಾಸಿಯಂ, ಬೇರಿಂಗ್ ಸವೆದಿದ್ದರೆ ತಾಮ್ರ-ಸೀಸ ಕಾಣಿಸುತ್ತದೆ
- ಕೆಳಭಾಗ: ಸಬ್‌ಫ್ರೇಮ್ (ಇಂಜಿನ್, ಸಸ್ಪೆನ್ಷನ್ ಹೊರುವ ಚೌಕಟ್ಟು), ಬ್ರೇಕ್ ಪೈಪ್, ಸಸ್ಪೆನ್ಷನ್ ಕೂರುವ ಜಾಗಗಳ ತುಕ್ಕು
- ಟೈರ್‌ನ ಪಕ್ಕದ ನಾಲ್ಕು ಅಂಕಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೇಲ್ಮೈಯ ಗೀರುಗಳು ಸವೆಯದಿದ್ದರೂ ಹತ್ತು ವರ್ಷದ ಟೈರ್ ಖರ್ಚಿನ ಪಟ್ಟಿಗೆ ಸೇರಬೇಕು

ಜೊತೆಗೆ ಚಾಸಿ ನಂಬರ್ ಕೊಟ್ಟು ಬಾಕಿ ಇರುವ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಕಾರನ್ನು ವಾಪಸ್ ಕರೆದದ್ದು, ಇದೆಯೇ ವಿಚಾರಿಸಿ. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳಲ್ಲಿದ್ದ ಅಮೋನಿಯಂ ನೈಟ್ರೇಟ್ ಶಾಖ ಮತ್ತು ತೇವಕ್ಕೆ ಕೆಟ್ಟು, ಏರ್‌ಬ್ಯಾಗ್ ತೆರೆದಾಗ ಲೋಹದ ಚೂರು ಸಿಡಿದು ಜನ ಸತ್ತಿದ್ದಾರೆ. ಹಲವು ಐಷಾರಾಮಿ ಕಾರುಗಳೂ ಆ ರೀಕಾಲ್‌ನಲ್ಲಿವೆ. ಇಂಥ ಕೆಲಸವನ್ನು ಕಂಪನಿಯೇ ಉಚಿತವಾಗಿ ಮಾಡಿಕೊಡುತ್ತದೆ.

ಲೆಕ್ಕ ಹಾಕುವುದು ಹೇಗೆ

ಕಾರು ಕೊಂಡಾಗ ಕೊಟ್ಟ ಹಣ, ಕಳೆದ ವರ್ಷ ಹಾಕಿಸಿದ ಹೊಸ ಟರ್ಬೊ ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ. ಹೋದ ಹಣ ಹೋಯಿತು. ಇಂದಿನಿಂದ ಮೂರು ವರ್ಷದ ಲೆಕ್ಕ ಮಾತ್ರ ನೋಡಿ.

ಉದಾಹರಣೆಗೆ, ರಿಪೇರಿಯಾದ ಸ್ಥಿತಿಯಲ್ಲಿ ಕಾರಿನ ಬೆಲೆ 100 ಎಂದಿಟ್ಟುಕೊಳ್ಳಿ. ಕೆಟ್ಟ ಸ್ಥಿತಿಯಲ್ಲೇ ಮಾರಿದರೆ 60 ಸಿಗುತ್ತದೆ. ರಿಪೇರಿಗೆ 55. ಮುಂದೆ ವರ್ಷಕ್ಕೆ 25ರಂತೆ ಮೂರು ವರ್ಷದ ನಿರ್ವಹಣೆ 75. ಮೂರು ವರ್ಷದ ನಂತರ ಮಾರಿದರೆ 60 ಬರುತ್ತದೆ. ಇಟ್ಟುಕೊಳ್ಳುವ ನಿಜವಾದ ಖರ್ಚು: ಇಂದು ಮಾರದೆ ಬಿಟ್ಟ 60, ರಿಪೇರಿಯ 55, ನಿರ್ವಹಣೆಯ 75 ಸೇರಿ 190. ಅದರಲ್ಲಿ ಕೊನೆಗೆ ಬರುವ 60 ಕಳೆದರೆ 130.

ಬದಲಿಗೆ 400ರ ಹೊಸ ತಲೆಮಾರಿನ ಐಷಾರಾಮಿ ಕಾರು ತಂದರೆ, ಮೂರು ವರ್ಷದಲ್ಲಿ ಅದರ ಬೆಲೆ 240ಕ್ಕೆ ಇಳಿಯಿತೆನ್ನಿ. ಸವಕಳಿ 160, ನಿರ್ವಹಣೆ 30, ಹೆಚ್ಚುವರಿ ವಿಮೆ 15, ಒಟ್ಟು 205. ಸಾಲ ಮಾಡಿದ್ದರೆ ಬಡ್ಡಿ ಇದರ ಮೇಲೆ. ಅಂದರೆ ಹಳೆಯದನ್ನು ಇಟ್ಟುಕೊಳ್ಳುವುದರಲ್ಲಿ 75ರ ಲಾಭವಿದೆ. ಇನ್ನೊಂದು ರೀತಿಯಲ್ಲಿ ನೋಡಿದರೆ, ಮೂರು ವರ್ಷದೊಳಗೆ ಇನ್ನೊಂದು 75ರ ಪೆಟ್ಟು ಬಿದ್ದರೂ ಎರಡೂ ಸಮಸಮ. ಪೂರ್ಣ ತಪಾಸಣೆಯ ವರದಿ ಹಿಡಿದು ಕೇಳಬೇಕಾದ್ದು ಇಷ್ಟೇ: ಅಂಥ ಇನ್ನೊಂದು ಪೆಟ್ಟು ಬೀಳುವ ಲಕ್ಷಣ ಇದೆಯೇ?

ಆದರೆ 200ರ ಸಾಮಾನ್ಯ ಕಾರು ತಂದು, ಅದು ಮೂರು ವರ್ಷಕ್ಕೆ 130ಕ್ಕೆ ಇಳಿದರೆ, ನಿರ್ವಹಣೆ 24, ವರ್ಗಾವಣೆ ವಗೈರೆ 6 ಸೇರಿ ಒಟ್ಟು 100. ಇದು ಹಳೆಯ ಕಾರಿಗಿಂತಲೂ ಅಗ್ಗ. ಅರ್ಧದ ಸೂತ್ರ ಮುಚ್ಚಿಡುವುದು ಇದನ್ನೇ. ಯಾವುದಕ್ಕೆ ಬದಲಾಯಿಸುತ್ತೀರಿ ಎಂದು ಹೇಳದೆ ‘ಬದಲಾಯಿಸುವುದು ಲಾಭವೇ’ ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಮೇಲಿನ ಅಂಕಿಗಳು ಲೆಕ್ಕದ ರೀತಿ ತೋರಿಸಲು ಹಾಕಿದವು, ನಿಮ್ಮ ಕಾರಿನ ಅಂಕಿಗಳನ್ನು ಆ ಜಾಗಕ್ಕೆ ಹಾಕಿಕೊಳ್ಳಿ.

ಅದೇ ಮಾಡೆಲ್‌ನ ಇನ್ನೊಂದು ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಯೋಚನೆ ಆಕರ್ಷಕವಾಗಿ ಕಾಣುತ್ತದೆ, ಸಾಮಾನ್ಯವಾಗಿ ಲಾಭವಿಲ್ಲ. ಗೊತ್ತಿರುವ ರೋಗ ಕೊಟ್ಟು ಗೊತ್ತಿಲ್ಲದ ರೋಗ ತಂದಂತಾಗುತ್ತದೆ.

ಇಟ್ಟುಕೊಳ್ಳುವುದಾದರೆ ಖರ್ಚು ಇಳಿಸುವ ದಾರಿ

ಕಾರು ಕಂಪನಿಗಳು ಬಿಡಿಭಾಗಗಳಲ್ಲಿ ಬಹುಪಾಲನ್ನು ತಾವೇ ಮಾಡುವುದಿಲ್ಲ. ಬಾಷ್, ಮಾಹ್ಲೆ, ಝಡ್‌ಎಫ್, ಅದರದೇ ಬ್ರ್ಯಾಂಡ್‌ಗಳಾದ ಲೆಮ್‌ಫೋರ್ಡರ್, ಸ್ಯಾಕ್ಸ್ ಇವು ಕಾರ್ಖಾನೆಗೆ ಭಾಗ ಒದಗಿಸುತ್ತವೆ, ಅದೇ ದರ್ಜೆಯ ಭಾಗವನ್ನು ತಮ್ಮ ಡಬ್ಬಿಯಲ್ಲೂ ಮಾರುತ್ತವೆ. ಕಾರು ಕಂಪನಿಯ ಲಾಂಛನ ಇಲ್ಲದ ಆ ಡಬ್ಬಿ ಬಹಳ ಅಗ್ಗ. ಬುಷ್, ಆರ್ಮ್, ವಾಟರ್ ಪಂಪ್, ಫಿಲ್ಟರ್, ಕಾಯಿಲ್‌ಗಳಿಗೆ ಇದೇ ದಾರಿ. ಹೆಸರಿಲ್ಲದ ನಕಲಿ ಆರ್ಮ್‌ನ ಬುಷ್ ಬೇಗ ಹರಿಯುತ್ತದೆ, ಕೂಲಿ ಎರಡು ಸಲ ಬೀಳುತ್ತದೆ. ಕ್ರ್ಯಾಂಕ್‌ಶಾಫ್ಟ್, ಆಕ್ಸಿಜನ್ ಮುಂತಾದ ಸೆನ್ಸರ್‌ಗಳಲ್ಲಂತೂ ಅಗ್ಗದ್ದಕ್ಕೆ ಹೋಗಲೇಬಾರದು.

ಹಳೆ ಕಾರಿನಿಂದ ತೆಗೆದ ಭಾಗ ಬಾಗಿಲು, ಸೀಟು, ಗಾಜು, ಟ್ರಿಮ್‌ಗೆ ಸರಿ. ಎಲೆಕ್ಟ್ರಾನಿಕ್ ಮಾಡ್ಯೂಲ್‌ಗೆ ಮೊದಲು ವಿಚಾರಿಸಬೇಕು. ಕಳ್ಳತನ ತಡೆಯಲೆಂದು ಹಲವು ಮಾಡ್ಯೂಲ್‌ಗಳು ಒಂದೇ ಚಾಸಿ ನಂಬರ್‌ಗೆ ಬೀಗ ಹಾಕಿಕೊಂಡಿರುತ್ತವೆ. ಅಗ್ಗಕ್ಕೆ ತಂದ ಗೇರ್‌ಬಾಕ್ಸ್ ಕಂಪ್ಯೂಟರ್ ಇನ್ನೊಂದು ಕಾರಿನಲ್ಲಿ ಕೆಲಸವೇ ಮಾಡದೆ ಕೂರುವುದುಂಟು. ಅದೇ ಹಣಕ್ಕೆ ನಿಮ್ಮದೇ ಮಾಡ್ಯೂಲನ್ನು ಬಿಚ್ಚಿ ಬೆಸುಗೆ ಸರಿಪಡಿಸುವವರು ಸಿಗುತ್ತಾರೆ, ಆಗ ಮಾಡ್ಯೂಲನ್ನು ಕಾರಿಗೆ ಹೊಂದಿಸುವ ಕೋಡಿಂಗ್‌ನ ಗೋಜೂ ಇಲ್ಲ.

ಕೆಲಸದ ಸರದಿ ಹೀಗಿರಲಿ: ಮೊದಲು ಬ್ರೇಕ್, ಸ್ಟಿಯರಿಂಗ್, ಟೈರ್, ಏರ್‌ಬ್ಯಾಗ್. ಆಮೇಲೆ ಬಿಟ್ಟರೆ ಇಂಜಿನ್‌ಗೋ ಗೇರ್‌ಬಾಕ್ಸ್‌ಗೋ ಕುತ್ತು ತರುವವು, ಅಂದರೆ ಕೂಲಂಟ್ ಸೋರಿಕೆ, ಎಣ್ಣೆ ಸೋರಿಕೆ, ಚೈನ್ ಸದ್ದು. ಸೀಟಿನ ಮಸಾಜ್, ತಾನಾಗಿ ಮುಚ್ಚುವ ಬಾಗಿಲು, ಹಿಂದಿನ ಪರದೆ ಕೊನೆಗೆ. ಹಣ ಸಾಲದಿದ್ದರೆ ಅವನ್ನು ಬಿಟ್ಟೇಬಿಡಿ.

ರಿಪೇರಿಯ ಮಾತೇ ಬೇಡ ಎನ್ನುವ ಹೊತ್ತು

ಸಬ್‌ಫ್ರೇಮ್ ಕೂರುವ ಜಾಗವೋ ಚಾಸಿಯ ತೊಲೆಯೋ ತುಕ್ಕು ಹಿಡಿದು ಬೆರಳಿಗೆ ಕುಸಿದರೆ ನಿಲ್ಲಿಸಿ. ಕಾರು ನೀರಿನಲ್ಲಿ ಸೀಟಿನ ಮಟ್ಟದವರೆಗೆ ಮುಳುಗಿದ್ದರೂ ಅಷ್ಟೇ, ಇಂಜಿನ್ ಸ್ಟಾರ್ಟ್ ಆದರೂ ಕೂಡ. ತಯಾರಕರು ಮುಖ್ಯ ಭಾಗವನ್ನು ಮಾಡುವುದನ್ನೇ ನಿಲ್ಲಿಸಿ, ಬದಲಿಯೂ ಸಿಗದಿದ್ದರೆ, ಆ ಕಾರು ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ನಿಲ್ಲುವುದು ಖಚಿತ. ದಿನವೂ ಕಾರು ಬೇಕಾದವರಿಗೆ ಅದೊಂದೇ ಕಾರಣ ಸಾಕು. ಗ್ಯಾರೇಜಿನವರು ‘ಬಿಚ್ಚಿ ನೋಡಿದರೇ ಗೊತ್ತಾಗುವುದು’ ಎಂದು ಮೂರನೇ ಸಲ ಹೇಳುತ್ತಿದ್ದರೆ ಗ್ಯಾರೇಜ್ ಬದಲಿಸಿ, ಎರಡನೆಯ ಕಡೆಯೂ ಅದೇ ಮಾತು ಬಂದರೆ ಕಾರು ಬದಲಿಸಿ.

ಮಾರುವುದು ಎಂದಾದ ಮೇಲೆ ದೊಡ್ಡ ರಿಪೇರಿ ಮಾಡಿಸಬೇಡಿ. 55 ಹಾಕಿದರೆ ಬೆಲೆ ಏರುವುದು ಮೇಲಿನ ಉದಾಹರಣೆಯಂತೆ 40 ಮಾತ್ರ. ಎಚ್ಚರಿಕೆ ದೀಪ ಉರಿಯುವ ಸಣ್ಣ ದೋಷ ಸರಿಮಾಡಿಸಿ, ಒಳಗೆ ಹೊರಗೆ ತೊಳೆಸಿ, ತಪಾಸಣಾ ವರದಿ ಮತ್ತು ಸರ್ವಿಸ್ ಬಿಲ್‌ಗಳನ್ನು ಒಂದು ಕಡತದಲ್ಲಿ ಜೋಡಿಸಿ ಕೊಳ್ಳುವವರ ಮುಂದಿಡಿ. ದೋಷ ಇಂಥದ್ದೇ ಎಂದು ಬರಹದಲ್ಲಿದ್ದರೆ ಅವರು ಆ ಒಂದು ದೋಷದಷ್ಟೇ ಬೆಲೆ ಕಳೆಯುತ್ತಾರೆ, ಇಲ್ಲದಿದ್ದರೆ ಇರಬಹುದಾದ ಎಲ್ಲ ದೋಷಗಳದ್ದೂ ಕಳೆಯುತ್ತಾರೆ. ಓಡದ ಕಾರಾದರೆ ಗುಜರಿಗೆ ತೂಕಕ್ಕೆ ಕೊಡುವ ಮೊದಲು ಬಿಡಿಭಾಗ ಮಾರುವವರಲ್ಲಿ ವಿಚಾರಿಸಿ. ಒಳ್ಳೆಯ ಗೇರ್‌ಬಾಕ್ಸ್, ಒಡೆಯದ ಹೆಡ್‌ಲೈಟ್ ಜೋಡಿ, ಕ್ಯಾಟಲಿಟಿಕ್ ಕನ್ವರ್ಟರ್ ಈ ಮೂರಕ್ಕೇ ಇಡೀ ಕಾರಿನ ತೂಕದ ಬೆಲೆಗಿಂತ ಹೆಚ್ಚು ಸಿಗುವುದುಂಟು.